ನಗರಸಭೆ ಮೆಟ್ಟಿಲ ಮೇಲಿನ ಬಿಳಿ ಆಕೃತಿ

ಆ ಫೋಟೋದ ತುಂಬ ಹೆಂಗಸರಿದ್ದರು. ನಗರಸಭೆಯ ಮೆಟ್ಟಿಲ ಮೇಲೆ ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕೂತ ಹೆಂಗಸರು. ಹಣ್ಣು ಮಾರುವವರು, ಸೊಪ್ಪು ಮಾರುವವರು, ಹಳೇ ಬಟ್ಟೆ ಮಾರುವವರು. ಬೆಳಗಾಗುವುದರೊಳಗೆ ಯಂತ್ರ ತಂದು ಅವರ ಮಾರ್ಕೆಟ್ಟನ್ನು ನೆಲಸಮ ಮಾಡಿದ್ದರು. ಮುಂದಿನ ಸಾಲಿನಲ್ಲಿದ್ದ ಹಣ್ಣಿನಾಕೆ ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಆ ನೋಟದ ಎದುರು ನಿಲ್ಲುವುದಕ್ಕೆ ಗುಂಡಿಗೆ ಬೇಕು. ಅಂಥ ಫೋಟೋ ನೋಡಿ ಊರಿಗೆ ಊರೇ ಕೇಳಿದ್ದೇನು? "ಹಿಂದುಗಡೆ ಬೆಳ್ಳಗೆ ನಿಂತಿದೆಯಲ್ಲ, ಅದೇನು?"

ಇದನ್ನು ಕೇಳಿ ಕೇಳಿ ಫೋಟೋ ತೆಗೆದ ಚಿಕ್ಕಕ್ಕನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಬೀದಿಯ ಕೊನೆಯಲ್ಲಿ ಒಂದು ಫೋಟೋ ಸ್ಟುಡಿಯೋ. ನಡೆಸುವವರು ಇಬ್ಬರು ಅಕ್ಕತಂಗಿಯರು. ಬೀದಿಯವರ ಬಾಯಲ್ಲಿ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ. ಇಬ್ಬರಿಗೂ ಕೂದಲು ನೆರೆತಿದೆ, ಇಬ್ಬರಿಗೂ ಹಠ ಮಾತ್ರ ನೆರೆತಿಲ್ಲ. ಊರೆಲ್ಲ ಮೊಬೈಲಿನಲ್ಲಿ ಕ್ಲಿಕ್ಕಿಸಿಕೊಂಡು ಕೂತಿದ್ದರೂ ಇವರು ಮಾತ್ರ ರೀಲು ಬಿಟ್ಟವರಲ್ಲ. ಒಳಗೆ ಕಪ್ಪು ಪರದೆ ಕಟ್ಟಿ ಗಿರಾಕಿಗಳ ಫೋಟೋ ತೆಗೆಯುವುದು, ಕ್ಯಾಮೆರಾಕ್ಕೆ ರೀಲು ಹಾಕಿ ಕೊಡುವುದು ದೊಡ್ಡಕ್ಕನ ಪಾಲು. ಬೀದಿ ಸುತ್ತಿ ಚಿತ್ರ ತೆಗೆಯುವುದು, ತೊಳೆಯುವುದು ಚಿಕ್ಕಕ್ಕನ ಪಾಲು. ತನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ರೀಲೂ ಹಾಳಾಗಿಲ್ಲ ಎಂದು ದೊಡ್ಡಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿದ್ದು ಸುಳ್ಳೂ ಅಲ್ಲ.

ಅರ್ಧ ಮುಗಿದ ರೀಲಿಗೆ ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಯ ಎರಡೇ ಫೋಟೋ ತೆಗೆದು ಮಿಕ್ಕದ್ದನ್ನು ಹಾಗೇ ಬಿಡುವಷ್ಟು ದುಂದುಗಾರಿಕೆ ಅವರಿಗಿರಲಿಲ್ಲ. ರೀಲನ್ನು ಹಿಂದಕ್ಕೆ ಸುತ್ತಿ ತೆಗೆದು, ಅದರ ಡಬ್ಬಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಇಡುವುದು. ಮತ್ತೆ ಹಾಕುವಾಗ ಲೆನ್ಸಿಗೆ ಮುಚ್ಚಳ ಮುಚ್ಚಿಕೊಂಡು ಆಗಲೇ ತೆಗೆದಷ್ಟನ್ನು ದಾಟಿಸುವುದು. ರಬ್ಬರ್ ಬ್ಯಾಂಡ್ ಇಲ್ಲದ ಡಬ್ಬಿ ಅಂದರೆ ಹೊಸ ರೀಲು, ಕಣ್ಣು ಮುಚ್ಚಿಕೊಂಡು ನಂಬಬಹುದು.

ಮಾರ್ಕೆಟ್ ಒಡೆದ ದಿನ ಚಿಕ್ಕಕ್ಕ ಕಣ್ಣು ಮುಚ್ಚಿಕೊಂಡೇ ನಂಬಿದ್ದಳು. ಅಕ್ಕ ಕೊಟ್ಟ ಕ್ಯಾಮೆರಾ ಹೆಗಲಿಗೇರಿಸಿ ಓಡಿದ್ದಳು. ತೊಳೆದಾಗ ಮೊದಲ ಚಿತ್ರ ಕಲಸುಮೇಲೋಗರ. ರೀಲಿನ ತುದಿಗೆ ಬೆಳಕು ಹೊಕ್ಕಿರಬೇಕು ಎಂದು ಅದನ್ನು ಪಕ್ಕಕ್ಕಿಟ್ಟಳು. ಎರಡನೆಯದು ಈ ಚಿತ್ರ. ಮೂರನೆಯದಕ್ಕೆ ಕ್ಯಾಮೆರಾ ಎತ್ತುವಷ್ಟರಲ್ಲಿ ಪೊಲೀಸರು ಬಂದು ಹೆಂಗಸರನ್ನು ಎಬ್ಬಿಸಿದ್ದರು. ಹೆಂಗಸರ ಹಿಂದೆ ನಗರಸಭೆಯ ಕತ್ತಲ ಬಾಗಿಲಲ್ಲಿ, ನೆಲ ಮುಟ್ಟದೆ ನಿಂತ ಬೆಳ್ಳನೆಯ ಆಕೃತಿ. ಮುಖ ಇಲ್ಲ, ಕಾಲಿಲ್ಲ. ಎರಡು ತೋಳು ಮಾತ್ರ ಇಳಿಬಿದ್ದಿವೆ. ಇದೇನಪ್ಪಾ ಎಂದು ಅವಳಿಗೂ ಅನಿಸಿತ್ತು. ಗಾಜಿನ ಹೊಳಪೋ, ಹೊಗೆಯೋ, ಏನೋ ಒಂದು. ಆದರೆ ಹಣ್ಣಿನಾಕೆಯ ಕಣ್ಣು ನೋಡಿದ ಮೇಲೆ ಅದನ್ನು ಕಟ್ಟಿಕೊಂಡು ಏನಾಗಬೇಕು? ಚಿತ್ರವನ್ನು ಇದ್ದದ್ದು ಇದ್ದ ಹಾಗೆ ದೊಡ್ಡದು ಮಾಡಿ ಕಲಾಭವನದ ಸ್ಪರ್ಧೆಗೆ ಕೊಟ್ಟಳು. ಸ್ಪರ್ಧೆಯ ನಿಯಮ ಒಂದೇ: ಒಂದು ಸಲ ಒತ್ತಿದ್ದು ಒಂದು ಚಿತ್ರ, ಕತ್ತರಿಸುವ ಹಾಗಿಲ್ಲ, ಜೋಡಿಸುವ ಹಾಗಿಲ್ಲ. ಮೊದಲ ಬಹುಮಾನ ಬಂತು. ಗೋಡೆಯ ನಟ್ಟನಡುವೆ ನೇತುಹಾಕಿದರು.

ಅಲ್ಲಿಂದ ಶುರುವಾಯಿತು ನೋಡಿ ರಾಮಾಯಣ.

ಮಾರ್ಕೆಟ್ ಒಡೆಸಿದ ವಾರ್ಡ್ ಮೆಂಬರ್ ಮೊದಲು ಬಂದ. ಚಿತ್ರ ನೋಡಿದವನೇ ಗದ್ಗದಿತನಾದ. "ನಮ್ಮ ನಾಯಕರು! ತೀರಿಕೊಂಡರೂ ನಮ್ಮನ್ನ ಬಿಟ್ಟು ಹೋಗಿಲ್ಲ! ಊರು ಕ್ಲೀನ್ ಆಗಿದ್ದು ನೋಡೋಕೆ ಬಂದಿದ್ದಾರೆ!" ಅವರ ನಾಯಕರು ಬದುಕಿದ್ದಾಗ ಬಿಳಿ ಬಟ್ಟೆಯನ್ನೇ ಹಾಕುತ್ತಿದ್ದರಂತೆ. ಬಿಳಿ ಬಟ್ಟೆ ಹಾಕದ ನಾಯಕರು ಎಲ್ಲಿದ್ದಾರೆ, ಹೇಳಿ. ಸಂಜೆಯೊಳಗೆ ಚಿತ್ರದ ಕೆಳಗೆ ಹೂಗುಚ್ಛಗಳ ರಾಶಿ ಬಿತ್ತು. ಹಣ್ಣಿನಾಕೆಯ ಮುಖ ಹೂವಿನ ಹಿಂದೆ ಮುಚ್ಚಿಹೋಯಿತು.

ಮಾರನೇ ದಿನ ವಿರೋಧ ಪಕ್ಷದವರು ಬಂದರು. ಅದು ನಾಯಕರೂ ಅಲ್ಲ ಮಣ್ಣೂ ಅಲ್ಲ, ಮಾರ್ಕೆಟ್ ಒಡೆಯುವಾಗ ಎದೆ ಹಿಡಿದುಕೊಂಡು ಸತ್ತ ಮುದುಕ ವ್ಯಾಪಾರಿಯ ಆತ್ಮ, ನ್ಯಾಯ ಕೇಳುತ್ತಿದೆ ಎಂದು ಗಂಟಲು ಹರಿದುಕೊಂಡರು. ಹೆಂಗಸರು ಅಲ್ಲೇ ಬದುಕಿಕೊಂಡು ನ್ಯಾಯ ಕೇಳುತ್ತಿದ್ದಾರಲ್ಲ, ಅವರ ಮಾತು ಕೇಳಿಸಲಿಲ್ಲವೇ? ಆಮೇಲೆ ಅಗೋಚರ ಶಕ್ತಿಗಳ ಸಂಶೋಧಕ ಅಂತ ಒಬ್ಬ ಬಂದು ಟಿಕ್ ಟಿಕ್ ಅನ್ನುವ ಯಂತ್ರವೊಂದನ್ನು ಚಿತ್ರದ ಮುಂದೆ ಆಡಿಸಿದ. ಪತ್ರಿಕೆಯ ಕಲಾವಿಮರ್ಶಕನೊಬ್ಬ 'ಗೈರುಹಾಜರಿಯ ಹಾಜರಿ' ಎಂದು ಉದ್ದಕ್ಕೆ ಬರೆದ. ಚಿಕ್ಕಕ್ಕ ಅದನ್ನು ಎರಡು ಸಲ ಓದಿದಳು, ತಲೆಬುಡ ತಿಳಿಯಲಿಲ್ಲ. ಇನ್ನೊಬ್ಬ ವಿಮರ್ಶಕ ನೇರವಾಗಿ ಬರೆದ: ಇದು ಮೋಸ, ಎರಡು ಚಿತ್ರ ಜೋಡಿಸಿದ್ದಾರೆ.

"ಮೋಸವಂತೆ!" ದೊಡ್ಡಕ್ಕ ಪತ್ರಿಕೆಯನ್ನು ಮೇಜಿಗೆ ಬಡಿದಳು. "ಆ ಬರೆದವನನ್ನ ಕರಿ ಇಲ್ಲಿ. ಆ ರೀಲು ಹಾಕಿದ್ದು ನಾನು. ಹೊಸಾ ರೀಲು, ಸೀಲು ಒಡೆದು ಹಾಕಿದ್ದು." ಪತ್ರಿಕೆಯವರು ಬಂದಾಗ ಅವರಿಗೂ ಅದನ್ನೇ ಹೇಳಿದಳು. ಅವಳ ಫೋಟೋ ಸಮೇತ ಅದು ಅಚ್ಚಾಯಿತು.

ಗಲಾಟೆ ಜೋರಾದ ಮೇಲೆ ಕಲಾಭವನದ ಮ್ಯಾನೇಜರ್ ಸ್ಟುಡಿಯೋಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. "ನೋಡಿ ಮೇಡಂ, ಶನಿವಾರ ಸಭೆ ಇಟ್ಟಿದ್ದೀವಿ. ಅದು ಹೇಗೆ ಬಂತು ಅಂತ ಎಲ್ಲರ ಮುಂದೆ ಹೇಳಿಬಿಡಿ. ಕೈತಪ್ಪಿ ಆಗಿದ್ದರೆ ಚಿತ್ರ ಇರುತ್ತೆ, ನನ್ನ ಮಾತು. ಬೇಕಂತ ಮಾಡಿದ್ದಾದ್ರೆ ಇಳಿಸಬೇಕಾಗುತ್ತೆ."

"ನಂಗೇ ಗೊತ್ತಿಲ್ಲ ಕಣ್ರೀ, ಎಲ್ಲಿಂದ ಹೇಳ್ಲಿ?"

"ಯಾರನ್ನಾದ್ರೂ ಕೇಳಿ ತಿಳ್ಕೊಳ್ಳಿ," ಎಂದು ಅವನು ಎದ್ದು ಹೋದ. ಯಾರನ್ನು ಕೇಳುವುದು, ಮೇಲಿರುವವರನ್ನೇ?

ಉತ್ತರ ತಾನಾಗಿಯೇ ನಡೆದುಕೊಂಡು ಬಂತು, ಅದೂ ಬಿಳಿ ಕೋಟು ಹಾಕಿಕೊಂಡು. ಮುಂದಿನ ಓಣಿಯ ಹಲ್ಲಿನ ಡಾಕ್ಟರು. ದೊಡ್ಡಕ್ಕ ಔಷಧಿ ಅಂಗಡಿಗೆ ಹೋದದ್ದನ್ನು ನೋಡಿಕೊಂಡೇ ಒಳಗೆ ಬಂದಂತಿತ್ತು.

"ಚಿಕ್ಕಕ್ಕ, ತಪ್ಪು ತಿಳೀಬೇಡಿ. ಬೋರ್ಡಿಗೆ ಹಾಕೋಕೆ ಅಂತ ಒಂದು ಫೋಟೋ ತೆಗೆಸಿದ್ನಲ್ಲ, ಕೋಟು ಹಾಕ್ಕೊಂಡು ನಿಂತಿರೋದು. ಮಾರ್ಕೆಟ್ ಒಡೆದ್ರಲ್ಲ, ಅದರ ಹಿಂದಿನ ದಿನ. ಮೂರ್ನಾಲ್ಕು ಸಲ ಕೇಳ್ದೆ. ಪ್ರತಿ ಸಲಾನೂ ದೊಡ್ಡಕ್ಕ, 'ನೀವು ಬಂದೇ ಇಲ್ಲವಲ್ಲ ಡಾಕ್ಟ್ರೇ' ಅಂತಾರೆ."

"ಹುಡುಕಿಡ್ತೀನಿ," ಎಂದು ಚಿಕ್ಕಕ್ಕ ಅವರನ್ನು ಕಳಿಸಿ, ಕತ್ತಲೆಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಪಕ್ಕಕ್ಕಿಟ್ಟಿದ್ದ ಆ ಮೊದಲ ನೆಗೆಟಿವನ್ನು ದೀಪಕ್ಕೆ ಹಿಡಿದು ಭೂತಗನ್ನಡಿ ಇಟ್ಟಳು. ಕಲಸುಮೇಲೋಗರದ ನಡುವೆ ಕೋಟಿನ ಕಾಲರು ಕಂಡಿತು. ಜೇಬಿನಲ್ಲಿ ಸಿಕ್ಕಿಸಿದ ಪೆನ್ನು, ಅದರ ಪಕ್ಕ ಹಲ್ಲು ನೋಡುವ ಪುಟ್ಟ ಕನ್ನಡಿ. ಎರಡನೆಯದರಲ್ಲೂ ಅದೇ ಕೋಟು. ಕಪ್ಪು ಪರದೆಯ ಮುಂದೆ ನಿಂತ ಡಾಕ್ಟರ ಕೋಟು ಬಾಗಿಲ ಕತ್ತಲಿನ ಮೇಲೆ ಬಿದ್ದಿತ್ತು. ಮುಖ ಬಾಗಿಲ ಮೇಲಿನ ಬಿಳಿ ಗೋಡೆಯಲ್ಲಿ ಕರಗಿಹೋಗಿತ್ತು, ಕಪ್ಪು ಪ್ಯಾಂಟು ಕತ್ತಲಲ್ಲಿ ಮುಳುಗಿತ್ತು. ಎರಡು ಪಕ್ಷಗಳು ಕಿತ್ತಾಡುತ್ತಿರುವುದು ಹಲ್ಲು ಕೀಳುವವರ ಕೋಟಿಗೆ! ಅವಳಿಗೆ ನಗು ಉಕ್ಕಿ ಬಂತು. ಬಂದದ್ದು ಅರ್ಧದಲ್ಲೇ ನಿಂತಿತು.

ಅಕ್ಕ ಡಾಕ್ಟರ ಫೋಟೋ ತೆಗೆದಿದ್ದಾಳೆ. ರೀಲು ಸುತ್ತಿ ಡಬ್ಬಿಗೆ ಹಾಕಿದ್ದಾಳೆ. ರಬ್ಬರ್ ಬ್ಯಾಂಡ್ ಹಾಕುವುದನ್ನು ಮರೆತಿದ್ದಾಳೆ. ಮಾರನೇ ದಿನ ಅದನ್ನೇ ಹೊಸದೆಂದು ಹಾಕಿ ಕೊಟ್ಟಿದ್ದಾಳೆ, ಒಂದರ ಮೇಲೊಂದು ಚಿತ್ರ ಬಿದ್ದಿದೆ. ಹೋಗಲಿ, ಅದು ಯಾರಿಗಾದರೂ ಆಗುತ್ತದೆ. ಆದರೆ ಅವರು ಬಂದದ್ದನ್ನೇ ಮರೆತಿದ್ದಾಳಲ್ಲ? ಒಡೆಯದ ಸೀಲನ್ನು ಒಡೆದೆ ಅನ್ನುತ್ತಿದ್ದಾಳಲ್ಲ? ಈಚೆಗೆ ಅಕ್ಕ ಕತ್ತಲೆಕೋಣೆಗೆ ಕೈಜೋಡಿಸಲು ಬಂದಾಗ ಒಂದೇ ಟ್ರೇಗೆ ಎರಡೆರಡು ಸಲ ದ್ರಾವಣ ಸುರಿದದ್ದು, ಹೇಳಿದ್ದನ್ನೇ ಹೇಳಿದ್ದು, ಎಲ್ಲ ಒಂದರ ಹಿಂದೊಂದು ನೆನಪಾಗಿ ಚಿಕ್ಕಕ್ಕ ಸ್ಟೂಲಿನ ಮೇಲೆ ಕುಸಿದಳು. ಅವರ ಅಮ್ಮನಿಗೂ ಹೀಗೇ ಶುರುವಾಗಿತ್ತು. ಕಡೆಗೆ ಮಕ್ಕಳ ಗುರುತೂ ಉಳಿಯಲಿಲ್ಲ. ಅಮ್ಮನಿಗೆ ತುತ್ತು ತಿನ್ನಿಸಿ, ಮೈ ಒರೆಸಿ, ಕಡೆತನಕ ನೋಡಿಕೊಂಡವಳು ಈ ಅಕ್ಕನೇ.

ಸಂಜೆ ಹೇಗಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಕ್ಕ ಮೇಜಿನ ಖಾನೆಗಳನ್ನೆಲ್ಲ ಎಳೆದಾಡುತ್ತಿದ್ದಳು. ಕತ್ತರಿ ಅವಳ ಕೈಯಲ್ಲೇ ಇತ್ತು.

"ಅಕ್ಕ, ಕೈಯಲ್ಲೇ ಇದೆಯಲ್ಲೇ."

ದೊಡ್ಡಕ್ಕ ಕೈ ನೋಡಿಕೊಂಡು ನಕ್ಕಳು. "ಅಮ್ಮನ ಹಾಗೆ ಆಗ್ತಿದ್ದೀನೇನೇ ನಾನು?" ನಕ್ಕಳೇನೋ ಸರಿ, ಕಣ್ಣು ಮಾತ್ರ ತಂಗಿಯ ಮುಖವನ್ನೇ ಹಿಡಿದುಕೊಂಡಿತ್ತು. ಇಲ್ಲ ಅನ್ನು, ದಮ್ಮಯ್ಯ ಇಲ್ಲ ಅನ್ನು, ಎಂದು ಬೇಡುತ್ತಿತ್ತು.

"ಸುಮ್ನಿರೇ. ನಿಂಗೇನಾಗಿದೆ ಧಾಡಿ," ಅಂದಳು ಚಿಕ್ಕಕ್ಕ. ಬಾಯಿಗೆ ಬಂದ ಮಾತು ಹೊಟ್ಟೆಗಿಳಿಯಿತು.

ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ದಾರಿ ಇರಲಿಲ್ಲ. ಕೈತಪ್ಪು ಅಂದರೆ ಚಿತ್ರ ಉಳಿಯುತ್ತದೆ, ಹೆಂಗಸರು ಗೋಡೆಯ ಮೇಲೆ ಉಳಿಯುತ್ತಾರೆ. ಆದರೆ ಯಾರ ಕೈ ಅಂತ ಕೇಳುತ್ತಾರೆ. ನನ್ನ ಕೈ ಅನ್ನೋಣವೆಂದರೆ, ಹಾಕಿದ್ದು ನಾನೇ ಎಂದು ಅಕ್ಕ ಪತ್ರಿಕೆಯಲ್ಲೇ ಹೇಳಿ ಕೂತಿದ್ದಾಳೆ. ಸಭೆಗೂ ಬರುತ್ತಾಳೆ, ಎದ್ದು ನಿಂತು ವಾದಿಸುತ್ತಾಳೆ, ಡಾಕ್ಟರನ್ನು ಕರೆಸುತ್ತಾರೆ. ಊರೆಲ್ಲ ನೋಡುತ್ತಿರುವಾಗ ಅಕ್ಕನಿಗೆ ತನ್ನ ತಲೆಯ ಗತಿ ಗೊತ್ತಾಗಬೇಕೇ? ಅಕ್ಕ ಹಾಕಿದ ರೀಲಿಗೆ ಕಳಂಕ ಬರಬಾರದು ಅಂದರೆ ತಪ್ಪು ಆಮೇಲೆ, ಕತ್ತಲೆಕೋಣೆಯಲ್ಲಿ ಆಗಿರಬೇಕು. ಅಲ್ಲೂ ಕೈತಪ್ಪು ಅಂದರೆ ನೆಗೆಟಿವ್ ತೋರಿಸು ಅನ್ನುತ್ತಾರೆ, ಕೋಟು ಅದರೊಳಗೇ ಇದೆ; ನೆಗೆಟಿವ್ ಇಲ್ಲವಾಗಬೇಕಾದರೆ ತಪ್ಪು ಬೇಕಂತಲೇ ಆಗಿರಬೇಕು.

ಶನಿವಾರ ಬೆಳಿಗ್ಗೆ ಅವಳು ಆ ಎರಡು ನೆಗೆಟಿವುಗಳನ್ನು ಚೂರುಚೂರು ಕತ್ತರಿಸಿದಳು. ಹಣ್ಣಿನಾಕೆಯ ಕಣ್ಣಿನ ಮೇಲೆ ಕತ್ತರಿ ಆಡಿಸುವಾಗ ಬಿಕ್ಕಿ ಬಿಕ್ಕಿ ಅತ್ತಳು.

ಕಲಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಂಬರ್ ತನ್ನ ಪಟಾಲಂ ಸಮೇತ ಬಲಕ್ಕೆ, ವಿರೋಧಿಗಳು ಎಡಕ್ಕೆ, ಯಂತ್ರದವನು ಮಧ್ಯೆ. ದೊಡ್ಡಕ್ಕ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದಳು. ಹಿಂದೆ, ಬಾಗಿಲ ಹತ್ತಿರ, ಹಣ್ಣಿನಾಕೆ ಗೋಡೆಗೆ ಒರಗಿ ನಿಂತಿದ್ದಳು.

ಚಿಕ್ಕಕ್ಕ ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು. "ಅದು ಭೂತವೂ ಅಲ್ಲ, ನಾಯಕರೂ ಅಲ್ಲ. ನಾನೇ ಮಾಡಿದ್ದು. ಪ್ರಿಂಟ್ ಹಾಕುವಾಗ ಎರಡು ನೆಗೆಟಿವ್ ಒಟ್ಟಿಗೆ ಇಟ್ಟೆ. ಬಹುಮಾನದ ಆಸೆಗೆ. ಆಮೇಲೆ ಹೆದರಿ ಆ ನೆಗೆಟಿವುಗಳನ್ನ ಕತ್ತರಿಸಿ ಹಾಕಿದೆ. ರೀಲಿನದು ಏನೂ ತಪ್ಪಿಲ್ಲ. ನಮ್ಮಕ್ಕ ಹಾಕಿದ್ದು ಹೊಸ ರೀಲೇ."

ಮೆಂಬರ್ ಮಹಾ ಚಾಲಾಕಿ. ಕಳೆದುಹೋದ ನಾಯಕರಿಗಾಗಿ ಅಳುತ್ತಾ ಕೂರಲಿಲ್ಲ. ಎದ್ದವನೇ ಕೂಗಿದ, "ಕೇಳಿದ್ರಲ್ಲಾ? ಸುಳ್ಳು ಫೋಟೋ! ಆ ಹೆಂಗಸರನ್ನೂ ಎಲ್ಲಿಂದಲೋ ತಂದು ಅಂಟಿಸಿರೋದೇ! ಅಲ್ಲಿ ಯಾರೂ ಕೂತೇ ಇರಲಿಲ್ಲ!" ಅವನ ಕಡೆಯವರು ಹೋ ಎಂದು ಚಪ್ಪಾಳೆ ಹೊಡೆದರು. ವಿರೋಧಿಗಳು ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಸುಳ್ಳು ಫೋಟೋ ಕಟ್ಟಿಕೊಂಡು ಅವರಿಗೇನಾಗಬೇಕು?

"ಹೆಂಗಸರು ಇದ್ರು! ನಾನು ನೋಡಿದ್ದೀನಿ!" ಚಿಕ್ಕಕ್ಕ ಅರಚಿದಳು. ಈಗ ತಾನೇ ಸುಳ್ಳುಗಾತಿ ಎಂದು ಒಪ್ಪಿಕೊಂಡವಳ ಮಾತನ್ನು ಯಾರು ಕೇಳುತ್ತಾರೆ?

ಜನರ ನಡುವಿನಿಂದ ಹಣ್ಣಿನಾಕೆ ಮುಂದೆ ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ. "ನಾವು ಕೂತಿದ್ದಕ್ಕೆ ಅದೊಂದೇ ಸಾಕ್ಷಿ ಇತ್ತಲ್ಲ ತಾಯಿ," ಅಂದಳು. "ಏನು ಕಮ್ಮಿಯಾಗಿತ್ತು ಅದರಲ್ಲಿ ನಿಮಗೆ? ನಾವು ಸಾಲದಾಗಿದ್ವಾ?" ಉತ್ತರಕ್ಕೆ ಕಾಯದೆ ಹೊರಟುಹೋದಳು. ಹಿಂದೆಯೇ ಓಡಿ ಎಲ್ಲ ಹೇಳಿಬಿಡಬೇಕು ಅನಿಸಿತು ಚಿಕ್ಕಕ್ಕನಿಗೆ. ಆದರೆ ದೊಡ್ಡಕ್ಕ ಎದುರಿಗೇ ನಿಂತಿದ್ದಳು.

"ನಾನು ಹಾಕಿಕೊಟ್ಟ ರೀಲಲ್ಲಿ ಕಳ್ಳ ಕೆಲಸ ಮಾಡಿದ್ಯಾ?" ದೊಡ್ಡಕ್ಕ ತಂಗಿಯ ತೋಳು ಹಿಡಿದು ಅಲುಗಿಸಿದಳು. "ನಾನು ಊರ ಮುಂದೆಲ್ಲಾ ನಿನ್ನ ಪರವಾಗಿ ಹೇಳ್ಕೊಂಡು ಬಂದ್ನಲ್ಲೇ! ಥೂ!"

"ತಪ್ಪಾಯ್ತು ಅಕ್ಕ," ಅಂದಳು ಚಿಕ್ಕಕ್ಕ. ಬೇರೆ ಏನು ಹೇಳಬಹುದಿತ್ತು? ಮ್ಯಾನೇಜರ್ ಏಣಿ ತರಿಸಿ ಚಿತ್ರ ಇಳಿಸುತ್ತಿದ್ದ.

ತಿಂಗಳುಗಳು ಕಳೆದವು. ದೊಡ್ಡಕ್ಕ ಕಲಾಭವನವನ್ನು ಮರೆತಳು, ಬಹುಮಾನವನ್ನು ಮರೆತಳು, ಮೆಂಬರನ್ನೂ ಮಾರ್ಕೆಟ್ಟನ್ನೂ ಮರೆತಳು. ಬೀದಿಯವರ ಹೆಸರೆಲ್ಲ ಒಂದೊಂದಾಗಿ ಉದುರಿದವು. ತಂಗಿ ಮೋಸ ಮಾಡಿದಳು ಅನ್ನುವುದೊಂದು ಮಾತ್ರ ಉಳಿದುಕೊಂಡಿತು. ಮರೆವು ಅನ್ನುವುದಕ್ಕೂ ಒಂದು ನ್ಯಾಯ ನೀತಿ ಬೇಡವೇ? ಎಲ್ಲವನ್ನೂ ಗುಡಿಸಿಕೊಂಡು ಹೋದದ್ದು ಇದೊಂದನ್ನು ಯಾಕೆ ಬಿಟ್ಟು ಹೋಗಬೇಕಿತ್ತು?

ಹೇಳಿದ ಉತ್ತರ ಅವಳಿಗೆ ನಿಲ್ಲುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೊಸದಾಗಿ ಕೇಳುತ್ತಾಳೆ. "ಹೌದೇನೇ, ನನ್ನ ರೀಲಲ್ಲಿ ಮೋಸ ಮಾಡಿದ್ಯಂತೆ? ನಿಜ ಹೇಳು. ಇಲ್ಲಾಂದ್ರೆ ನಾನೇ ಏನಾದ್ರೂ ತಪ್ಪು ಮಾಡಿದ್ನಾ?"

ಚಿಕ್ಕಕ್ಕ ಲೋಟ ಕೆಳಗಿಡುತ್ತಾಳೆ.

"ನೀನಲ್ಲ ಅಕ್ಕ, ನಾನೇ ಮಾಡಿದ್ದು," ಅನ್ನುತ್ತಾಳೆ. ದೊಡ್ಡಕ್ಕ ಛೀ ಎಂದು ಮುಖ ತಿರುಗಿಸಿ, ನೆಮ್ಮದಿಯಿಂದ ಕಾಫಿ ಮುಗಿಸುತ್ತಾಳೆ.