ಎಣಿಸದ ಪೆದ್ದಯ್ಯ

ಪೆದ್ದಯ್ಯನನ್ನು ದೂರದಿಂದ ಗುರುತಿಸಲು ಅವನ ಮುಖ ನೋಡಬೇಕಾಗಿಲ್ಲ, ಬಲಗೈ ನೋಡಿದರೆ ಸಾಕು. ಆ ಕೈ ಸುಮ್ಮನಿದ್ದದ್ದನ್ನು ತೆಲುಗು ಗಡಿಯ ಮಕ್ತಲ್‌ನಲ್ಲಿ ಕಂಡವರಿಲ್ಲ. ಕುರಿಗಳ ಹಿಂದೆ ಕಾಲುವೆಯ ದಂಡೆಯಗುಂಟ ನಡೆಯುತ್ತ, ಎಡಗೈಗೆ ಸುತ್ತಿಕೊಂಡ ಉಣ್ಣೆಯಿಂದ ಎಳೆ ಎಳೆದು, ತಕಲಿಯನ್ನು ತೊಡೆಯ ಮೇಲೊಮ್ಮೆ ಉಜ್ಜಿ ಗಾಳಿಗೆ ಬಿಟ್ಟರೆ, ಅದು ಗಿರಗಿರನೆ ತಿರುಗುತ್ತ ನೆಲ ಮುಟ್ಟುವಷ್ಟರಲ್ಲಿ ಒಂದು ಮಾರು ನೂಲು ಹುಟ್ಟಿರುತ್ತದೆ. ಹೀಗೆ ನೂತು ನೂತು ಅವನ ನಡಿಗೆಯೇ ಬೇರೆಯಾಗಿಬಿಟ್ಟಿದೆ: ನಾಲ್ಕು ಹೆಜ್ಜೆ, ಒಂದು ನಿಲುಗಡೆ, ಮತ್ತೆ ನಾಲ್ಕು ಹೆಜ್ಜೆ. ಯಾವನೋ ಕಂಡಕ್ಟರು ಕೊಟ್ಟ ಹಳೆಯ ಖಾಕಿ ಕೋಟು ಬೇಸಿಗೆಯಲ್ಲೂ ಮೈಮೇಲಿರುತ್ತದೆ, ಏಕೆಂದರೆ ಅದಕ್ಕೆ ಜೇಬುಗಳಿವೆ, ಜೇಬುಗಳಲ್ಲಿ ಉಣ್ಣೆ ಹಿಡಿಯುತ್ತದೆ.

ಪೆದ್ದಯ್ಯನ ಇನ್ನೊಂದು ಹಟವೆಂದರೆ ಅವನು ಏನನ್ನೂ ಎಣಿಸುವುದಿಲ್ಲ. ಕುರಿ ಎಣಿಸಿದರೆ ಮಂದೆಗೆ ದೃಷ್ಟಿ ತಾಗುತ್ತದೆಂಬುದು ಅವನ ಹಿರಿಯರ ನಂಬಿಕೆ. ಅವನು ಅದನ್ನು ತನ್ನ ವಯಸ್ಸಿಗೂ ದಿನಗಳಿಗೂ ನೂಲಿನ ಉಂಡೆಗಳಿಗೂ ಹಬ್ಬಿಸಿಕೊಂಡಿದ್ದ. ಈ ವಿಚಿತ್ರಕ್ಕೆ ಮರುಳಾದವರು ಉದಯಕುಮಾರ ಮೇಷ್ಟ್ರು. ಕನ್ನಡ ಶಾಲೆಯಲ್ಲಿ ಗಣಿತ ಹೇಳುವ ಅವರು ಸಕ್ಕರೆ ಕಾಯಿಲೆಯ ಕಾರಣ ದಿನಾ ಅದೇ ದಂಡೆಯ ಮೇಲೆ ನಡೆಯುತ್ತಾರೆ. ಫೋನು ಐದು ಸಾವಿರ ಹೆಜ್ಜೆ ಎಂದೊಡನೆ, ಮಾತು ಅರ್ಧದಲ್ಲಿದ್ದರೂ, ಹಿಂದಿರುಗಿಬಿಡುತ್ತಾರೆ. ಗುರಿಯಿಲ್ಲದೆ ಹಲ್ಲುಜ್ಜುವುದೂ ಅವರಿಗೆ ಒಗ್ಗದ ಮಾತು. ಇಂಥವರಿಗೆ ಪೆದ್ದಯ್ಯ ಬಿಡಿಸಲಾಗದ ಲೆಕ್ಕದ ಹಾಗೆ ಸಿಕ್ಕಿದ.

ಒಂದು ಸಂಜೆ ಮುಳ್ಳುಬೇಲಿಯ ಬಾಗಿಲಲ್ಲಿ ಕುರಿಗಳು ನುಗ್ಗುತ್ತಿದ್ದಾಗ ಪೆದ್ದಯ್ಯ ತಟ್ಟನೆ ನಿಂತ. "ಒಬ್ಬಾಕಿ ಬಂದಿಲ್ರಿ," ಎಂದ. ಮೇಷ್ಟ್ರು ಕುತೂಹಲ ತಡೆಯಲಾರದೆ ಅವನ ಹಿಂದೆಯೇ ಹೋದರು. ಕಾಲುವೆಯ ತೂಬಿನ ಬಳಿ ಕಾಲು ಉಳುಕಿಸಿಕೊಂಡ ಕುರಿಯೊಂದು ಕೂತಿತ್ತು. ಎಣಿಸದೆ ಹೇಗೆ ತಿಳಿಯಿತೆಂದು ಕೇಳಿದರೆ, "ಮನ್ಯಾಗ ಊಟಕ್ಕ ಕುಂತಾಗ ಮಂದಿ ಎಣಸ್ತೀರೇನ್ರಿ ಸಾರ್? ಯಾರಿಲ್ಲಂತ ಕಣ್ಣಿಗೇ ಗೊತ್ತಾಗತೈತಿ," ಎಂದು ಕುರಿಯನ್ನು ಹೆಗಲಿಗೇರಿಸಿಕೊಂಡ. ಮೇಷ್ಟ್ರು ಅಂದು ಎಷ್ಟು ಹೆಜ್ಜೆ ನಡೆದೆನೆಂದು ನೋಡುವುದನ್ನೇ ಮರೆತರು.

ಆ ವರ್ಷ ಪೆದ್ದಯ್ಯನ ಮೊಮ್ಮಗಳು ಮೌನಿಕಾಳಿಗೆ ಗದ್ವಾಲದಲ್ಲಿ ಸಂಬಂಧ ಕುದುರಿತು. ಅವರ ಮನೆತನದಲ್ಲೊಂದು ಪದ್ಧತಿ: ಮದುಮಕ್ಕಳೂ ಎರಡೂ ಕಡೆಯ ಒಬ್ಬೊಬ್ಬ ಹಿರಿಯರೂ, ಹೀಗೆ ನಾಲ್ವರು, ಕುಲದೇವರು ಬೀರಪ್ಪನ ಹೆಸರಿನ ಒಂದೇ ಕರಿ ಕಂಬಳಿಯ ಮೇಲೆ ಕೂರಬೇಕು, ಮತ್ತು ಆ ಕಂಬಳಿ ಹೆಣ್ಣಿನ ಮನೆಯ ಕುರಿಗಳದೇ ಉಣ್ಣೆಯದಾಗಿರಬೇಕು. ಈಗ ಉಣ್ಣೆಯ ಕರಿ ಕುರಿ ಸಾಕುವವರು ಎಲ್ಲಿದ್ದಾರೆ? ಮಾಂಸಕ್ಕೆ ಬೆಲೆಯಿರುವ, ಬೋಳು ಮೈಯ ಕೆಂಪು ಕುರಿಗಳೇ ಎಲ್ಲ ಕಡೆ ತುಂಬಿಕೊಂಡಿವೆ. ಪೆದ್ದಯ್ಯನ ಮಂದೆಯಲ್ಲಿ ಉಳಿದ ಕರಿಯವು ಐದೇ, ಇದು ಮೇಷ್ಟ್ರು ಗುಟ್ಟಾಗಿ ಎಣಿಸಿದ್ದು. ಆದರೂ ಪೆದ್ದಯ್ಯ ತನ್ನ ಕಂಬಳಿಯ ಮೇಲೆಯೇ ಕೂಸು ಕೂರುತ್ತಾಳೆಂದು ಬೀಗರೆದುರು ಮಾತು ಕೊಟ್ಟುಬಿಟ್ಟಿದ್ದ.

ಅಂದಿನಿಂದ ಮೇಷ್ಟ್ರಿಗೆ ದಿನವೂ ಒಂದೇ ಪ್ರಶ್ನೆ, ಎಷ್ಟಾಯಿತು? ಪೆದ್ದಯ್ಯನದೂ ದಿನವೂ ಒಂದೇ ಉತ್ತರ: "ಇವತ್ತಿಂದು ಆತ್ರಿ." ಅವನ ಬೆಳಗಿನ ಮೊದಲ ಕೆಲಸ ಹಿಂದಿನ ದಿನದ ನೂಲನ್ನು ಬೆರಳಲ್ಲಿ ಹಾಯಿಸಿ ನೋಡುವುದು. ಎಲ್ಲಿ ಎಳೆ ಸಡಿಲವೋ ಅಲ್ಲಿ ಹರಿದು ಬಿಸಾಡುವುದು. ಮೇಷ್ಟ್ರಿಗೆ ಈ ಪೋಲು ನೋಡಲಾಗುತ್ತಿರಲಿಲ್ಲ. ಕೊನೆಗೊಂದು ದಿನ ಕಿರಾಣಿ ಅಂಗಡಿಯ ತಕ್ಕಡಿ ತಂದು ಉಂಡೆಗಳನ್ನು ತೂಗಿ, ಲೆಕ್ಕ ಹಾಕಿ, ಹೀಗೇ ಬಿಸಾಡಿದರೆ ನೂಲು ಸಾಲುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ಪೆದ್ದಯ್ಯ ಗೌರವದಿಂದ ಕೇಳಿಸಿಕೊಂಡು, "ಸಡಿಲ ಎಳಿ ಇಟ್ರ ಅಲ್ಲೇ ಹರಿತೈತ್ರಿ," ಎಂದು ಇನ್ನೊಂದು ತುಂಡು ಹರಿದ. ಮೌನಿಕಾ ಮಾತ್ರ ಗಾಬರಿಯಾದಳು. ನಾರಾಯಣಪೇಟೆಗೆ ಹೋಗಿ ಅಂಗಡಿಯ ಕಂಬಳಿಯೊಂದನ್ನು ಕೊಂಡು ತಂದು, ತಾತನಿಗೆ ಕಾಣದಂತೆ ಪೆಟ್ಟಿಗೆಯಲ್ಲಿಟ್ಟಳು.

ಪಕ್ಕದೋಣಿಯ ನೇಕಾರ ಬಾಲಯ್ಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಮಗ್ಗಕ್ಕೇರಿಸಿದ. ಉದ್ದೆಳೆಯ ಹಾಸು ಇನ್ನೂ ಒಂದೂವರೆ ಮೊಳ ಬಾಕಿಯಿರುವಾಗ ಅಡ್ಡೆಳೆಯ ಹೊಕ್ಕಿನ ನೂಲು ಮುಗಿಯಿತು. ಮದುವೆಗೆ ಎಂಟು ದಿನ, ಕುರಿಗಳ ಮೈಯಲ್ಲಿ ಕತ್ತರಿಸುವಷ್ಟು ಉಣ್ಣೆಯಿಲ್ಲ. ನೇಯದೆ ಉಳಿದ ಎಳೆಗಳನ್ನು ಬಾಲಯ್ಯ ಕತ್ತರಿಸಿ ಕುಚ್ಚು ಕಟ್ಟಿದ. ಪೆದ್ದಯ್ಯ ಮಗ್ಗದ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಆ ಬಲಗೈ ಮೊದಲ ಸಲ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. ತಮ್ಮ ಲೆಕ್ಕ ಸರಿಯಾದದ್ದಕ್ಕೆ ಮೇಷ್ಟ್ರಿಗೆ ಅಂದು ನಾಚಿಕೆಯಾಯಿತು.

ಗದ್ವಾಲದ ಹಂದರದಲ್ಲಿ ಗಂಡಿನ ಸೋದರಮಾವ ಕಂಬಳಿ ಬಿಡಿಸಿ ನೋಡಿ ಹುಬ್ಬೇರಿಸಿದ. ಯಾರಾದರೂ ಬಾಯಿ ತೆರೆಯುವ ಮೊದಲೇ ಪೆದ್ದಯ್ಯ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ. "ಕಡಿಮಿ ಬಿದ್ದೈತ್ರಿ. ತಪ್ಪು ನಂದು." ಮೌನಿಕಾ ಜೊತೆಗೆ ತಂದಿದ್ದ ಪೆಟ್ಟಿಗೆಯತ್ತ ಒಮ್ಮೆ ನೋಡಿದಳು. ಆಮೇಲೆ ಹೋಗಿ ತಾತನ ಕಂಬಳಿಯ ಈಚೆ ಅಂಚಿಗೆ ಕೂತಳು. ಪಕ್ಕದಲ್ಲಿ ಗಂಡು ಕೂತ, ಅವನ ಪಕ್ಕದಲ್ಲಿ ಸೋದರಮಾವ. ಮೂವರಿಗೇ ಕಂಬಳಿ ಮುಗಿಯಿತು. ಹೆಣ್ಣಿನ ಕಡೆಯ ಹಿರಿಯನ ಜಾಗದಲ್ಲಿ ಬರೀ ನೆಲ, ಮತ್ತು ಪೆದ್ದಯ್ಯ ಆ ನೆಲದ ಮೇಲೆ, ಮೊಮ್ಮಗಳ ಮಗ್ಗುಲಿಗೆ, ಕಾಲು ಮಡಚಿ ಕೂತ. "ರಾ ತಾತಾ, ದಗ್ಗರಗಾ ರಾ," ಎಂದು ಅವಳು ತೆಲುಗಿನಲ್ಲಿ ಹತ್ತಿರಕ್ಕೆ ಕರೆದಳು. ಅವನು ಸರಿದು ಕೂತನೇ ಹೊರತು ಕಂಬಳಿ ಏರಲಿಲ್ಲ.

ಊಟವಾದ ಮೇಲೆ ಜುರಾಲದ ಅಣೆಕಟ್ಟಿನ ಮೇಲೆ ಹಾದು ಮಕ್ತಲ್‌ಗೆ ಮರಳುವ ಜೀಪಿನಲ್ಲಿ ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು, ಎಣಿಸಿದ್ದರೆ ಹೀಗಾಗುತ್ತಿರಲಿಲ್ಲ ಅಲ್ಲವೇ ಎಂದು. ಪೆದ್ದಯ್ಯ ಕಿಟಕಿಯಾಚೆಗಿನ ನೀರಿನಿಂದ ಕಣ್ಣು ತೆಗೆದು ಮೇಷ್ಟ್ರತ್ತ ತಿರುಗಿದ.

"ಖರೆ ಐತ್ರಿ. ಎಣಿಸಿದ್ರ ಇಷ್ಟು ಕುರಿಯಿಂದ ಕಂಬಳಿ ಆಗಂಗಿಲ್ಲಂತ ಮೊದಲ ದಿನಾನ ತಿಳೀತಿತ್ತು. ಸುರು ಮಾಡಾಕನ ಹೋಗ್ತಿದ್ದಿಲ್ಲ."

ಲೋಕದ ಬಹುಪಾಲು ಕೆಲಸಗಳು ಮೇಷ್ಟ್ರಂಥವರಿಂದಲೇ ನಡೆಯುತ್ತವೆ. ದಾರಿಯನ್ನು ಮೊದಲೇ ಅಳೆದು, ಬುತ್ತಿಯನ್ನು ಅದಕ್ಕೆ ತಕ್ಕಂತೆ ಕಟ್ಟಿಕೊಂಡು ಹೊರಡುವವರು ನಡುದಾರಿಯಲ್ಲಿ ಹಸಿಯುವುದಿಲ್ಲ. ಆದರೆ ಯಾವ ಲೆಕ್ಕವೂ ಹೊರಡಲು ಅಪ್ಪಣೆ ಕೊಡದ ಕೆಲಸಗಳೂ ಕೆಲವಿವೆ, ಮತ್ತು ಅವು ಪೆದ್ದಯ್ಯನಂಥವರ ಕೈಗೇ ಬಂದು ಬೀಳುತ್ತವೆ. ಇವರು ದಿನದ ನೂಲನ್ನು ದಿನ ನೂತು, ಸಡಿಲವಾದದ್ದನ್ನು ನಿರ್ದಾಕ್ಷಿಣ್ಯವಾಗಿ ಹರಿದು, ಕೊನೆಗೆ ಮೊಳ ಒಂದೂವರೆ ಮೊಳ ಕಡಿಮೆಯಲ್ಲಿ ಬಂದು ಮುಟ್ಟುತ್ತಾರೆ. ಆ ಕಡಿಮೆಯನ್ನು ಇನ್ನೊಬ್ಬರ ಪಾಲಿಗೆ ಹಾಕದೆ, ತಾವೇ ಅದರ ಮೇಲೆ ಕೂರುತ್ತಾರೆ.