ಹಾಲಹರವಿಯ ನೂರ ಇಪ್ಪತ್ತು ಗಿಡಗಳು

ಸಹಿ ಹಾಕುವ ಮೊದಲು ಒಂದು ಸಲ ಕಣ್ಣಾರೆ ನೋಡಿ ಬರುತ್ತೇನೆ ಎಂದು ಚೇತನ ಹೇಳಿದ್ದೇ ತಡ, ಫೋನಿನ ಆ ಕಡೆ ಚಂದ್ರಮೋಹನ್ ಅಡ್ಡಬಾಯಿ ಹಾಕಿದ.

"ಎದಕ್ಕ ಸಾರ್, ಈ ಬಿಸಿಲಾಗ?" ಎಂದ. "ಫೋಟೋ ಕಳಿಸೀನಲ್ಲ."

"ನೋಡೀನಿ. ಚಲೋ ಅದಾವ."

"ಮತ್ತ?"

"ಸುಮ್ಮನ. ಐತವಾರ ಐತಿ."

"ಸಂಜೀ ಐದಕ್ಕ ರಿಪೋರ್ಟ್ ಹೋಗಬೇಕು ಸಾರ್. ಮರೀಬ್ಯಾಡ್ರಿ."

ಮರೆಯುವ ಮಾತೇ ಇರಲಿಲ್ಲ. ಚಂದ್ರಮೋಹನ್ ಒಂದು ಅಂಗಿ ಕಂಪನಿಯ ಮನುಷ್ಯ. ಅವರ ಅಂಗಿ ಒಂದು ಕೊಂಡರೆ ಅವರು ಎಲ್ಲೋ ಒಂದು ಗಿಡ ನೆಡುತ್ತಾರೆ, ಗಿಡದ ನಂಬರನ್ನು ಕಾಲರಿನ ಒಳಗೆ ಹೊಲಿದು ಕೊಡುತ್ತಾರೆ. ಆ ಎಲ್ಲೋಗಳಲ್ಲಿ ಒಂದು ಹಾಲಹರವಿ ಹತ್ತಿರದ ಗುಡ್ಡದ ಇಳಿಜಾರು. ಅಲ್ಲಿ ನೂರ ಇಪ್ಪತ್ತು ಗಿಡ. ಎಷ್ಟು ಬದುಕಿವೆ ಎಂದು ವರ್ಷಕ್ಕೊಮ್ಮೆ ಸಸ್ಯಶಾಸ್ತ್ರ ಬಲ್ಲ ಒಬ್ಬರು ಬರೆದುಕೊಡಬೇಕು. ತೆಲುಗು ಸೀಮೆಯ ಅಂಚಿನ ಆದೋನಿಯ ಕಾಲೇಜಿನಲ್ಲಿ ಆ ಪಾಠ ಹೇಳುವ ಚೇತನ ಎರಡು ವರ್ಷ ಬರೆದುಕೊಟ್ಟಿದ್ದ. ಮೊದಲ ವರ್ಷ ನೂರ ಎಂಟು, ಮರುವರ್ಷ ನೂರ ಆರು. ಮನೆಯ ಕುರ್ಚಿಯಲ್ಲಿ ಕೂತು, ಫೋಟೋ ದೊಡ್ಡದು ಮಾಡಿ ಎಲೆಗಳನ್ನು ನೋಡಿ. ವರದಿಯಲ್ಲಿ ಅವನ ಹೆಸರಿನ ಮುಂದೆ 'ಸ್ಥಳೀಯ ತಜ್ಞರು' ಎಂದು ಹಾಕಿದ್ದರು. ಆ ಮರ್ಯಾದೆ ಅವನಿಗೆ ಹಿಡಿಸಿತ್ತು.

ಈ ಸಲ ಹೊರಟದ್ದಕ್ಕೆ ಕಾರಣ ಮೊನ್ನೆಯ ಕ್ಲಾಸು. ಹಸಿರು ಚೀಟಿ ಅಂಟಿಸಿದ್ದನ್ನೆಲ್ಲ ನಂಬಬೇಡಿ, ಕಂಪನಿಗಳನ್ನು ಪ್ರಶ್ನೆ ಕೇಳಿ ಎಂದು ಅವನು ಉತ್ಸಾಹದಿಂದ ಪಾಠ ಮಾಡಿದ್ದ. ಮುಂದಿನ ಬೆಂಚಿನ ನಾಗಜ್ಯೋತಿ ಎದ್ದು, "ಸಾರ್, ಹಾಲಹರವಿ ಗಿಡ ನೀವು ನೋಡೀರೇನ್ರಿ?" ಎಂದಳು. ನೋಡಿದ್ದೇನೆ ಎಂದ. ಅಷ್ಟು ಸಲೀಸಾಗಿ ಬಾಯಿಗೆ ಬಂತು. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು.

ಅದೊಂದು ಬಿಟ್ಟರೆ ಅವನ ಬದುಕು ಚೊಕ್ಕವಾಗಿತ್ತು. ಬೈಕು ಮಾರಿ ಸೈಕಲ್ ತಂದಿದ್ದ. ಸ್ನಾನದ ಬಕೆಟ್ಟಿಗೆ ಅಳತೆಯ ಗೆರೆ ಎಳೆದಿದ್ದ. ಮಲಗುವ ಮುಂಚೆ, ಇವತ್ತು ತಾನು ಬಳಸದೆ ಬಿಟ್ಟದ್ದು ಏನೇನು ಎಂದು ನೆನೆಯುತ್ತಿದ್ದ. ಒಳ್ಳೆಯ ನಿದ್ದೆ ಬರುತ್ತಿತ್ತು. ಹೆಂಡತಿ ಅಶ್ವಿನಿ ತನ್ನ ಪ್ಲಾಸ್ಟಿಕ್ ಡಬ್ಬಿಗಳನ್ನು ಅಟ್ಟದ ಮೇಲೆ ಗೋಣಿ ಮುಚ್ಚಿ ಇಟ್ಟಿದ್ದಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಅಟ್ಟದ ಕಡೆ ನೋಡುತ್ತಿರಲಿಲ್ಲ.

"ಊಟಕ್ಕ ಬರ್ತೀರೇನು?" ಎಂದಳು ಅಶ್ವಿನಿ.

"ನೋಡ್ತೀನಿ."

"ಬುತ್ತಿ ಕಟ್ಟಲೇನು?"

"ಸ್ಟೀಲ್ ಡಬ್ಬ್ಯಾಗ ಕಟ್ಟು."

"ಮತ್ತ್ಯಾವುದ್ರಾಗ ಕಟ್ತೀನಿ."

ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಅಪ್ಪನ ಕಾರು ಮನೆ ಮುಂದೆ ನಿಂತಿರುವಾಗ ಬಸ್ಸಿನಲ್ಲಿ ಹೋಗುವುದರಲ್ಲಿ ಒಂದು ಸುಖವಿದೆ, ಅದು ಬಸ್ಸಿನಲ್ಲೇ ಹೋಗಬೇಕಾದವರಿಗೆ ಸಿಗುವುದಿಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ಅಷ್ಟೇನೂ ಚುಚ್ಚಲಿಲ್ಲ. ಆಲೂರು ದಾಟುವಷ್ಟರಲ್ಲಿ ಜೊಂಪು ಹತ್ತಿತ್ತು.

ಇಳಿದು ಅರ್ಧ ಗಂಟೆ ನಡೆದ. ಮೊದಲು ಕಂಡದ್ದು ಬೋರ್ಡು. ಇಲ್ಲಿ ಒಂದು ಕಾಡು ಬೆಳೆಯುತ್ತಿದೆ ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಬೋರ್ಡಿನ ಹಿಂದೆ ಸಾಲು ಹಿಡಿದು ತೋಡಿದ ಗುಂಡಿಗಳಿದ್ದವು. ಗುಂಡಿಗಳಲ್ಲಿ ಏನೂ ಇರಲಿಲ್ಲ. ಒಬ್ಬ ಮುದುಕಿ ಮೂಲೆಯ ಡ್ರಮ್ಮಿನಿಂದ ಕೊಡ ತುಂಬಿಕೊಂಡು ಬಂದು ಒಂದೊಂದು ಖಾಲಿ ಗುಂಡಿಗೂ ನೀರು ಹಾಕುತ್ತಿದ್ದಳು. ಮೂರು ಗುಂಡಿಗೆ ಹಾಕುವ ತನಕ ಅವನು ಸುಮ್ಮನೆ ನೋಡಿದ.

"ಏನವ್ವ, ಗಿಡ ಎಲ್ಲಿ?"

"ನಂಬರಿನ ಸಾರೇನ್ರಿ ನೀವು?"

"ಹೂಂ ಅಂತ ತಿಳ್ಕೋ. ನಿನ್ನ ಹೆಸರು?"

"ಮಾರೆಮ್ಮ ರೀ. ನಿಮ್ಮ ನಂಬರೆಷ್ಟು?"

ಅವನು ತೊಟ್ಟದ್ದು ಕಂಪನಿಯ ಅಂಗಿಯೇ; ಕಾಲರ್ ತಿರುವಿ ನೋಡಿದ. ಎಪ್ಪತ್ತೆರಡು.

ಮಾರೆಮ್ಮ ಕೊಡ ಇಳಿಸಿ ನಾಲಿಗೆಯಲ್ಲಿ ಲೊಚಗುಟ್ಟಿದಳು. ಬಂಡೆಯ ಹಿಂದಿನಿಂದ ಕುರಿಗಳು ಬಂದವು. ಪ್ರತಿ ಕುರಿಯ ಕೊರಳಲ್ಲೂ ದಾರ, ದಾರದಲ್ಲಿ ಕಂಪನಿಯ ತಗಡಿನ ಬಿಲ್ಲೆ. ಕೆಲವಕ್ಕೆ ಎರಡೆರಡು. ಅವಳು ಹಿಂಡಿನೊಳಗೆ ಕೈಹಾಕಿ ಒಂದನ್ನು ಎಳೆದು ತಂದು ಅವನ ಮುಂದೆ ನಿಲ್ಲಿಸಿದಳು. ಬಿಲ್ಲೆಯ ಮೇಲೆ ಎಪ್ಪತ್ತೆರಡು ಎಂದಿತ್ತು.

"ಇದೇ ರೀ ನಿಮ್ಮದು. ಹುಣಸೀ ಗಿಡ ಇತ್ತು. ನೆಟ್ಟ ಎಂಟು ದಿನಕ್ಕ ಇದು ತಿಂತು."

"ತಿಂದದ್ದಕ್ಕ ನಂಬರ್ ಕಟ್ಟೀಯೇನು?"

"ಮತ್ತ? ಒಣಗಿದ ಕಡ್ಡಿಗೆ ನಂಬರ್ ಬಿಡಬ್ಯಾಡ, ಒಂದು ನಂಬರೂ ಕಳೀಬ್ಯಾಡ ಅಂದ್ರು ಕಂಪನಿ ಸಾರು. ಯಾವುದು ಯಾವುದನ್ನ ತಿಂದೈತಿ ನಂಗ ಗೊತ್ತೈತಿ. ಒಂದರದ್ದು ಇನ್ನೊಂದಕ್ಕ ಕಟ್ಟಿಲ್ರಿ, ದೇವರಾಣಿ."

ಚೇತನನಿಗೆ ಅನುಮಾನವೇ ಬರಲಿಲ್ಲ. ಮುಖ ನೋಡಿ ಕುರಿ ಗುರುತು ಹಿಡಿಯುವ ಮನೆತನದವಳು. ಎರಡು ವರ್ಷದ ಈ ಇಡೀ ವ್ಯವಹಾರದಲ್ಲಿ ನೆಟ್ಟಗೆ ದಾಖಲೆ ಇಟ್ಟವಳು ಇವಳೊಬ್ಬಳೇ ಅನ್ನಿಸಿತು. ನಾಚಿಕೆಯಾಯಿತು. ನಗುವೂ ಬಂತು. ಎರಡರಲ್ಲಿ ನಗುವೇ ಮುಂದೆ ಬಂದದ್ದು ಅವನಿಗೆ ಸರಿ ಕಾಣಲಿಲ್ಲ.

"ಫೋಟೋದಾಗ ಗಿಡ ಇದ್ವಲ್ಲ?"

"ಅವು ಲಾರಿ ಮ್ಯಾಲೆ ಬಂದಿದ್ವು. ಗುಂಡ್ಯಾಗ ಇಟ್ರು, ಫೋಟೋ ಹೊಡಕೊಂಡ್ರು, ಸಂಜೀಕ ಹೊಳ್ಳಿ ಒಯ್ದ್ರು. ಚಂದಿದ್ವು."

"ಖಾಲಿ ಗುಂಡಿಗೆ ನೀರ್ಯಾಕ ಹಾಕ್ತಿ?"

"ಹಾಕು ಅಂದಾರ. ಬಿಡು ಅಂದಿಲ್ಲ. ವಾರಕ್ಕೊಮ್ಮೆ ಟ್ಯಾಂಕರ್ ಬರ್ತೈತಿ. ನಾ ಹಾಕ್ತೀನಿ, ಕುರಿ ಕುಡೀತಾವ. ಕುಡದು ಅಲ್ಲೇ ಮಲಗ್ತಾವ, ತಂಪಿರ್ತೈತಿ." ಅವಳು ಅವನ ಮುಖ ನೋಡಿದಳು. "ಗಿಡಿಲ್ಲ ಅಂತ ಬರೀತೀರೇನ್ರಿ?"

"ಇನ್ನ ಏನೂ ಬರದಿಲ್ಲ."

"ಬರದ್ರ ಟ್ಯಾಂಕರ್ ನಿಲ್ತೈತಿ. ಬ್ಯಾಸಿಗ್ಯಾಗ ಇಲ್ಲಿ ಬ್ಯಾರೆ ನೀರಿಲ್ಲ."

"ನೋಡೋಣು."

"ನೀವು ಓದಿದವರು. ಕಂಡಂಗ ಬರೀರಿ," ಎಂದು ಅವಳು ಕೊಡ ಎತ್ತಿಕೊಂಡು ಹೋದಳು. ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅವನು ಸಾಲುಗಳ ನಡುವೆ ಓಡಾಡಿದ. ಸೊನ್ನೆ ಎಂದು ಬರೆದರೆ ಅವನ ಹಿಂದಿನ ಎರಡು ಸಹಿಗಳೂ ಸುಳ್ಳಾಗುತ್ತವೆ, ನಾಗಜ್ಯೋತಿಯ ನೋಟ್ಸೂ ಸುಳ್ಳಾಗುತ್ತದೆ, ಕುರಿಗಳಿಗೆ ನೀರು ತಪ್ಪುತ್ತದೆ. ನೂರ ನಾಲ್ಕು ಎಂದು ಬರೆದರೆ ಎಲ್ಲವೂ ಇದ್ದ ಹಾಗೆ ಇರುತ್ತದೆ. ಸೊನ್ನೆ ಬರೆಯುವ ಮನುಷ್ಯನಾಗಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಿತ್ತು. ಆ ಆಸೆಯ ಮೇಲೇ ಅವನು ಇಷ್ಟು ವರ್ಷ ತನ್ನನ್ನು ಇಷ್ಟಪಟ್ಟಿದ್ದ. ಈಗ ಕುರಿಗಳ ನೆಪ ಸಿಕ್ಕಿತ್ತು. ನೆಪವೂ ನಿಜವಾಗಿತ್ತು, ಅದೇ ತೊಂದರೆ.

ಸಿಟ್ಟು ಬರಲಿ ಎಂದು ಕಾದ. ಚಂದ್ರಮೋಹನನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಜೋಡಿಸಿ ಮುಗಿಯುವಷ್ಟರಲ್ಲಿ ಅದು ಒಳ್ಳೆಯ ಪಾಠವಾಗಿತ್ತು. ನಾಳೆ ಕ್ಲಾಸಿನಲ್ಲಿ ಹೇಳಬಹುದಿತ್ತು, ಊರಿನ ಹೆಸರು ಬಿಟ್ಟು. ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇತ್ತು. ಬಂಡೆಯ ಮೇಲೆ ಕೂತು ಉಂಡ. ಪಲ್ಲೆ ಬಹಳ ಚೆನ್ನಾಗಿತ್ತು. ಇಂಥ ಹೊತ್ತಿನಲ್ಲಿ ಪಲ್ಲೆ ರುಚಿಯಾಗಿರಬಾರದಿತ್ತು ಎಂದು ಅವನಿಗೆ ಒಂದು ಕ್ಷಣ ಭಯವಾಯಿತು.

ಹೊತ್ತು ನೆತ್ತಿಗೆ ಬಂತು. ಕುರಿಗಳು ನೀರು ಕುಡಿದು, ಗುಂಡಿಗೊಂದರಂತೆ ಇಳಿದು ಮಲಗಿದವು. ತಲೆ ಮಾತ್ರ ಮೇಲೆ, ಕೊರಳಲ್ಲಿ ನಂಬರು. ಬೋರ್ಡಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಸಾಲು ತಪ್ಪದ ಒಂದು ತೋಪು. ಅವನು ಅಭ್ಯಾಸಬಲದಿಂದ ಎಣಿಸಿದ. ತೊಂಬತ್ತೇಳು. ಎಲ್ಲವೂ ಉಸಿರಾಡುತ್ತಿದ್ದವು.

ಫೋನು ಒಂದು ಸಲ ಬಡಿದುಕೊಂಡಿತು. ಚಂದ್ರಮೋಹನ್ ವರದಿಯ ನಮೂನೆ ಕಳಿಸಿದ್ದ. ಬದುಕಿರುವ ಸಂಖ್ಯೆ ಎಂಬಲ್ಲಿ ಖಾಲಿ ಚೌಕ, ಕೆಳಗೆ ಬೆರಳಿನಲ್ಲಿ ಸಹಿ ಮಾಡುವ ಜಾಗ. ಬಿಸಿಲಿಗೆ ತೆರೆ ಕಾಣಿಸುತ್ತಿರಲಿಲ್ಲ. ನೆರಳು ಹುಡುಕಿದ. ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ನಡುವಿನ ಸಾಲಿನಲ್ಲಿ ಒಂದು ಗುಂಡಿ ಖಾಲಿ ಇತ್ತು. ಕೂತರೆ ತಲೆಯೊಂದು ಬಿಟ್ಟು ಮಿಕ್ಕದ್ದೆಲ್ಲ ತಂಪಾಗಿರಬಹುದು ಅನ್ನಿಸಿತು. ಆಚೀಚೆ ನೋಡಿ, ಇಳಿದು, ಮೊಣಕಾಲು ಮಡಚಿ ಕೂತ.

ತಂಪಾಗಿತ್ತು. ಬೆನ್ನಿಗೆ ಮಣ್ಣು ಹಿತವಾಗಿ ಒತ್ತಿತು. ಮೈಯ ಬಿಗಿಯೆಲ್ಲ ಸಡಿಲಿತು. ಎಡಬಲದ ಕುರಿಗಳು ಅವನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದವು. ಚೌಕದ ಮೇಲೆ ಬೆರಳಿಟ್ಟ. ಮೊದಲು ಯಾವ ಅಂಕಿ ಒತ್ತಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡ.

ಮಾರೆಮ್ಮ ಕೊಡ ಹೊತ್ತು ಅದೇ ಸಾಲು ಹಿಡಿದು ಬರುತ್ತಿದ್ದಳು. ಒಂದು ಗುಂಡಿ, ಒಂದು ಬಗ್ಗು, ಮತ್ತೆ ಮುಂದೆ. ಅವಳು ಹತ್ತಿರ ಬಂದಾಗ ಏಳಬೇಕು ಎಂದುಕೊಂಡ. ಏನಾದರೂ ಹೇಳಬೇಕು ಎಂದುಕೊಂಡ. ಅವಳು ಅವನ ಗುಂಡಿಯ ಅಂಚಿಗೆ ನಿಂತಳು, ಬಗ್ಗಿದಳು, ಅವನ ಎರಡೂ ಪಾದಗಳ ನಡುವೆ ಕೊಡದಿಂದ ನೀರು ನಿಧಾನಕ್ಕೆ ಸುರಿದಳು. ಮಣ್ಣು ಮೆತ್ತಗಾಗಿ ಅವನ ಪಾದಗಳನ್ನು ಹಿಡಿದುಕೊಂಡಿತು. ಚೇತನ ಅಲ್ಲಾಡಲಿಲ್ಲ. ಮಾರೆಮ್ಮ ಮುಂದಿನ ಗುಂಡಿಗೆ ಹೋದಳು.