ನಡುಮನೆಯಲ್ಲಿ ಚಿರತೆ

ಮಾನಸಾ ಅತ್ತೆಯ ಹಾಸಿಗೆ ಸರಿಮಾಡುತ್ತಿದ್ದಾಗ ನಾಯಿ ಬಾಲ ಮುದುರಿಕೊಂಡು ಒಳಗೆ ನುಗ್ಗಿ ಮಂಚದ ಕೆಳಗೆ ಸೇರಿಕೊಂಡಿತು. ಏನಾಯಿತೆಂದು ಕೋಣೆಯ ಬಾಗಿಲಿಗೆ ಬಂದು ನೋಡಿದಳು. ನಡುಮನೆಯಲ್ಲಿ, ಟಿವಿಯ ಮುಂದೆ, ಚಿರತೆ ನಿಂತಿತ್ತು. ಅದರ ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು.

ಬಾಗಿಲು ಹಾಕಿ ಚಿಲಕ ಸರಿಸಿದ್ದು ಹೇಗೋ ಅವಳಿಗೇ ಗೊತ್ತಾಗಲಿಲ್ಲ.

ಸಾಲಗಾಮೆಯ ಹೊರಗೆ, ಹೊಲದ ಅಂಚಿನಲ್ಲಿ ಅವರದು ಒಂಟಿ ಮನೆ. ಗಂಡ ಗೌರೀಶ ಬೆಳಿಗ್ಗೆ ಊರೊಳಗಿನ ಗೊಬ್ಬರದ ಅಂಗಡಿ ತೆರೆದು, ಆಮೇಲೆ ತಿಂಡಿಗೆ ಮನೆಗೆ ಬರುತ್ತಿದ್ದ. ಅತ್ತೆ ಗಂಗಾಂಬಿಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಎದ್ದಿರಲಿಲ್ಲ.

"ಏನವ್ವಾ, ಮಕ ಯಾಕಂಗಾಗೈತೆ?"

"ಚಿರತೆ, ಅತ್ತೆ. ನಡುಮನೇಲೈತೆ."

ಮುದುಕಿ ಬಾಗಿಲ ಕಡೆ ಕತ್ತು ಹೊರಳಿಸಿದಳು. "ಚಿಲ್ಕ ಸರ್ಯಾಗಿ ಬಿದ್ದೈತಾ ನೋಡು."

ಬಿದ್ದಿತ್ತು, ಆದರೆ ಅದರ ಸ್ಕ್ರೂ ಸಡಿಲವಾಗಿತ್ತು. ಮಾನಸಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಬಾಗಿಲ ಸಂದಿಯಲ್ಲಿ ಉಸಿರಾಟ ಕೇಳಿಸಿತು. ಮಂಚದಡಿಯ ನಾಯಿ ಗುರ್ ಎಂದದ್ದೇ ತಡ, ಆಚೆಯಿಂದ ಪಂಜ ಅಪ್ಪಳಿಸಿ ಹಲಗೆ ಅವಳ ಬೆನ್ನಿಗೆ ಬಡಿಯಿತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವಳ ಫೋನು ಹೊಡೆದುಕೊಳ್ಳತೊಡಗಿತು. ಅಂಗಡಿಯಿಂದ ಹೊರಡುವ ಮುನ್ನ ಗೌರೀಶ ಫೋನು ಮಾಡುತ್ತಿದ್ದ. ಅದು ಹೊಡೆದುಕೊಂಡು ನಿಂತಿತು. ಇನ್ನು ಅವನು ಬರುತ್ತಾನೆ. ಮುಂಬಾಗಿಲು ತೆರೆದೇ ಇದೆ. ಚಪ್ಪಲಿ ಬಿಟ್ಟು, ಎಂದಿನಂತೆ ಅವಳ ಹೆಸರು ಕೂಗುತ್ತ ನೇರವಾಗಿ ಒಳಗೆ ಬರುತ್ತಾನೆ.

ಮಾನಸಾ ಎದ್ದು ಚಿಲಕದ ಮೇಲೆ ಕೈಯಿಟ್ಟಳು. "ನಾನು ಆಚೆಗೆ ಓಡ್ತೀನಿ ಅತ್ತೆ. ಅವ್ರು ಬಂದ್ಬುಡ್ತಾರೆ."

"ಕೈ ತಗಿ ಮಾನಸಾ. ಅದು ನಿನ್ನ ಆಚೆಗೆ ಬುಡ್ತದಾ? ಬಾ ಇಲ್ಲಿ. ಕೈ ತೊಳ್ಯಕ್ಕೆ ನೀರು ಕೊಡು. ಪೂಜೆ ಆಗಿಲ್ಲ ನಂದು."

ಈ ಹೊತ್ತಿನಲ್ಲಿ ಪೂಜೆಯೇ ಎಂದು ಮಾನಸಾಳಿಗೆ ಸಿಟ್ಟು ಬಂತು. ಆದರೂ ಕುಡಿಯುವ ಚೊಂಬಿನಿಂದ ನೀರು ಹಾಕಿದಳು. ಗಂಗಾಂಬಿಕೆ ವಿಭೂತಿ ಇಟ್ಟುಕೊಂಡು, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈ ಮೇಲಿಟ್ಟುಕೊಂಡಳು. ಕರಡಿಗೆಯ ಮುಚ್ಚಳ ಕೈಜಾರಿ ಹಾಸಿಗೆಗೆ ಬಿತ್ತು.

"ನಿಮ್ಗೂ ಭಯ ಆಗೈತಾ?"

"ಆಗ್ದೆ ಏನವ್ವಾ. ಎದೆ ಬಾಯಿಗೆ ಬಂದೈತೆ. ಅದ್ನೇ ಶಿವನ ಮುಂದೆ ಇಡ್ತಾ ಇವ್ನಿ. ನಮ್ಮ ಕೈಲಿ ಆಗ್ದಿದ್ದು ಅವನ್ಗೆ ಬುಡು. ನೀನೂ ಕುತ್ಕೋ."

ಮಾನಸಾ ಲಿಂಗ ಕಟ್ಟಿಕೊಂಡಿದ್ದಳೇ ಹೊರತು ಹಬ್ಬಹರಿದಿನ ಬಿಟ್ಟರೆ ಕೈಗೆ ತೆಗೆದುಕೊಂಡವಳಲ್ಲ. ಈಗ ಮಂಚದ ತುದಿಯಲ್ಲಿ ಕೂತು ಅಂಗೈಲಿಟ್ಟುಕೊಂಡಳು. ಶಿವನೇ, ಅವರನ್ನು ಅಂಗಡಿಯಲ್ಲೇ ಇನ್ನಷ್ಟು ಹೊತ್ತು ಕೂರಿಸು ಎಂದು ಬೇಡಿದಳು. ಬೇಡಿದ್ದನ್ನೇ ಬೇಡಿದಳು. ಆಮೇಲೆ ಮಾತು ಮುಗಿದು ನಮಃ ಶಿವಾಯ ಒಂದೇ ಉಳಿಯಿತು. ಆಚೆ ಬಾಗಿಲು ಕೆರೆಯುವ ಉಗುರಿನ ಸದ್ದು ನಿಂತಿರಲಿಲ್ಲ. ಆದರೆ ಕಿವಿಯಲ್ಲಿ ಢವಢವ ಹೊಡೆದುಕೊಳ್ಳುತ್ತಿದ್ದ ಅವಳ ಎದೆ ಮೆಲ್ಲಗೆ ತಗ್ಗಿತು.

ಆಗ ಹಿತ್ತಲ ಕಡೆಯಿಂದ ಸರ್ ಸರ್ ಎಂಬ ಸದ್ದು ಕೇಳಿಸಿತು. ಯಾರೋ ಹುಲ್ಲು ಕೊಯ್ಯುತ್ತಿದ್ದರು. ಕಿಟಕಿಗೆ ಹೋದಳು. ಪಕ್ಕದ ಹೊಲದ ಚೆನ್ನಯ್ಯ.

ಕಿರುಚದೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಚೆನ್ನಯ್ಯಣ್ಣ, ಮನೆಯೊಳ್ಗೆ ಚಿರತೆ ಐತೆ. ನಾವು ಕೋಣೇಲಿ ಬಾಗ್ಲಾಕ್ಕಂಡಿದೀವಿ. ನಮ್ಮೆಜಮಾನ್ರು ಬತ್ತಾ ಇರ್ತಾರೆ. ರಸ್ತೇಲೇ ತಡೀರಿ."

ಚೆನ್ನಯ್ಯ ಕುಡುಗೋಲು ಬಿಸಾಕಿ ಓಡಿದ.

ಅವನು ಸಮಯಕ್ಕೆ ರಸ್ತೆ ಮುಟ್ಟಿದನೋ ಇಲ್ಲವೋ ತಿಳಿಯದೆ ಕಾದದ್ದು ಎಲ್ಲಕ್ಕಿಂತ ಕಷ್ಟವಾಯಿತು. ಮಾನಸಾ ಮತ್ತೆ ಅತ್ತೆಯ ಪಕ್ಕ ಕೂತಳು. ಮುದುಕಿ ಖಾಲಿಯಿದ್ದ ಬಲಗೈಯಿಂದ ಸೊಸೆಯ ಮೊಣಕಾಲು ಹಿಡಿದುಕೊಂಡಳು.

ಕೊನೆಗೆ ದೂರದಿಂದ ಗೌರೀಶನ ದನಿ ಬಂತು. "ಮಾನಸಾ, ನಾನು ಆಚೇಲೇ ಇದೀನಿ. ಬಾಗ್ಲು ತಗೀಬ್ಯಾಡ." ಆಗ ಅವಳಿಗೆ ಅಳು ಬಂತು.

ಜನ ಸೇರಿ ಮುಂಬಾಗಿಲನ್ನು ಹೊರಗಿನಿಂದ ಎಳೆದು ಕಟ್ಟಿದರು. ಹಾಸನದಿಂದ ಅರಣ್ಯ ಇಲಾಖೆಯವರು ಬಂದು, ಕಿಟಕಿಯಿಂದ ಅರಿವಳಿಕೆ ಚುಚ್ಚುಮದ್ದು ಹೊಡೆದು, ಮಧ್ಯಾಹ್ನದ ಹೊತ್ತಿಗೆ ಚಿರತೆಯನ್ನು ಬೋನಿನಲ್ಲಿ ಸಾಗಿಸಿದರು. ಕೋಣೆಯ ಬಾಗಿಲ ಆಚೆಬದಿ ಉದ್ದುದ್ದಕ್ಕೆ ಸಿಗಿದುಹೋಗಿತ್ತು.

ಆಮೇಲೂ ಬಹಳ ದಿನ ಮಾನಸಾ ನಡುಮನೆಗೆ ಕಾಲಿಡುವ ಮೊದಲು ಇಣುಕಿ ನೋಡುತ್ತಿದ್ದಳು. ಭಯ ಹೋಗಿಲ್ಲ ಎಂದು ಅತ್ತೆಗೆ ಹೇಳಿದಳು.

"ಓಗ್ದಿದ್ರೆ ಇರ್ಲಿ ಬುಡು," ಅಂದಳು ಗಂಗಾಂಬಿಕೆ. "ಅದ್ರ ಭಾರ ಒಬ್ಳೇ ಒತ್ಕೋಬ್ಯಾಡ."